ಕ್ಯಾಸೆಟ್ ಒತ್ತಿ ಹಿಡಿಯುವ ಕೈ

ನವೆಂಬರ್ ೯, ಭಾನುವಾರ

ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಕ್ಯಾಸೆಟ್ ಕೂರುವ ಜಾಗ ಇನ್ನೂ ಸಡಿಲ. ಒತ್ತಿ ಹಿಡಿದರೆ ಮಾತ್ರ ಚಿತ್ರ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ನಾನು ಆಡುವಾಗ ಅಕ್ಕ ಒತ್ತಿ ಹಿಡಿಯುತ್ತಿದ್ದಳು, ಅವಳು ಆಡುವಾಗ ನಾನು. “ಕೈ ಅಲ್ಲಾಡಿಸ್ಬೇಡ ಕಣೋ, ಸತ್ತೋಗ್ತೀನಿ!” ಎಂದು ಬೈಯುತ್ತಿದ್ದಳು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ನಕ್ಕಳು. “ಅದೇ ಆಟ ಲ್ಯಾಪ್‌ಟಾಪಲ್ಲೇ ಬರುತ್ತಲ್ಲೋ, ಎಮ್ಯುಲೇಟರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊ. ಆ ಡಬ್ಬ ಯಾಕೆ?”

ಹಾಕಿಕೊಂಡು ಎರಡು ವರ್ಷವಾಯಿತು. ಅದರಲ್ಲಿ ಏನೂ ಅಲುಗುವುದಿಲ್ಲ, ಒಬ್ಬನೇ ಕೊನೆಯವರೆಗೂ ಗೆದ್ದಿದ್ದೇನೆ. ಅದನ್ನು ಅವಳಿಗೆ ಹೇಳಲಿಲ್ಲ.

ಸಂಜೆ ಎಡಗೈಯಲ್ಲಿ ಕ್ಯಾಸೆಟ್ ಒತ್ತಿಕೊಂಡು ಕೂತೆ. ಚಿತ್ರವೇನೋ ಚೆನ್ನಾಗಿಯೇ ಬಂತು. ಆದರೆ ಆಡುವುದಕ್ಕೆ ಎರಡೂ ಕೈ ಬೇಕು. ಪರದೆಯ ಮೇಲಿನ ಪುಟ್ಟ ಆಳು ಓಡದೆ ನಿಂತೇ ಇದ್ದ. ಕೈ ಜೋಮು ಹಿಡಿದರೂ ತೆಗೆಯಲಿಲ್ಲ. ತೆಗೆದಿದ್ದರೆ ಬೈಯುವವರು ಯಾರೂ ಇರಲಿಲ್ಲ.