ಎಮರಿ ಪಟ್ಟಿ ಮತ್ತು ಖಾಲಿ ಕುರ್ಚಿ

ಭಾಗ್ಯನಗರ,
೧೪ ಜೂನ್ ೨೦೨೪, ಶುಕ್ರವಾರ

ಗಂಗಾವತಿಯಲ್ಲಿರುವ ನಮ್ಮ ಮನೆಯವರಿಗೆ,

ಮನೆಯಲ್ಲಿ ಇಲ್ಲದವರನ್ನೂ ಮನೆಯವರು ಎಂದೇ ಕರೆಯಬೇಕು. ಬೇರೆ ಶಬ್ದ ನನಗೆ ಯಾರೂ ಕಲಿಸಿಲ್ಲ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀವು ಎತ್ತುವುದಿಲ್ಲ. ಎತ್ತಿದರೂ ನಾನು ಹೇಳುವುದು ಇಲ್ಲಿ ಪಕ್ಕದಲ್ಲೇ ಇರುವ ಅತ್ತೆಯ ಕಿವಿಗೆ ಬೀಳುತ್ತದೆ. ಅದಕ್ಕೇ ಟೆಂಪೋ ಓಡಿಸುವ ಮುನವ್ವರನ ಕೈಯಲ್ಲಿ ಈ ಕಾಗದ.

"ಬಳಿ ಇಟ್ಟ ಕೈಗೆ ಮೋಟಾರ ಯಾಕ ಬೇಕ?" ಎಂದು ಜಗಳ ತೆಗೆದು ಅಕ್ಕಿ ಗಿರಣಿಯ ಕೆಲಸಕ್ಕೆ ಹೋದಿರಲ್ಲ, ಆ ಪಾಲಿಶ್ ಯಂತ್ರವನ್ನು ನಾನೇ ಕಟ್ಟಿ ಮುಗಿಸಿದೆ. ಕೆಟ್ಟ ವಾಷಿಂಗ್ ಮಷೀನಿನ ಮೋಟಾರು, ಹಳೆಯ ಮಂಚದ ಕಬ್ಬಿಣ, ಲೇಥಿನಲ್ಲಿ ಮಾಡಿಸಿದ ಎರಡು ರೋಲರು, ಅವುಗಳ ಮೇಲೆ ಗಿರ್ರನೆ ಓಡುವ, ಮರಳುಕಾಗದದಂಥ ತರಿತರಿ ಎಮರಿ ಪಟ್ಟಿ. ಖರ್ಚು ಹೇಳುವುದಿಲ್ಲ, ಹೇಳಿದರೆ ನೀವು ನಂಬುವುದಿಲ್ಲ, ನಂಬಿದರೆ ಹೊಟ್ಟೆ ಉರಿಯುತ್ತದೆ. ಅಲಗು ಹಿಡಿದರೆ ಕನ್ನಡಿಯಾಗುತ್ತಿತ್ತು. ಕುಷ್ಟಗಿಯ ದಾಳಿಂಬೆ ತೋಟದವರು ಟೊಂಗೆ ಸವರುವ ಕತ್ತರಿಗಳನ್ನು ಚೀಲಗಟ್ಟಲೆ ತಂದು ಸಾಣೆಗೆ ಹಾಕಿದರು. ಗಿರಾಕಿ ಹಿಡಿದ ಬಾಯಿ ನನ್ನದು, ಬಂಡವಾಳವೂ ಅದೇ.

ಈಗ ಬಾಯಿ ಒಣಗಿದೆ. ಪಟ್ಟಿಯ ಒಳಮೈಯಲ್ಲಿ ಒಂದು ಬಾಣದ ಗುರುತು ಇರುತ್ತದೆ. ಕಂಪನಿಯ ಮುದ್ರೆ ಎಂದುಕೊಂಡಿದ್ದೆ. ಪಟ್ಟಿ ಓಡಬೇಕಾದ ದಿಕ್ಕಂತೆ ಅದು. ಮೊನ್ನೆ ಹೊಸ ಪಟ್ಟಿಯನ್ನು ಉಲ್ಟಾ ಹಾಕಿದೆ. ಅಂಟಿಸಿದ ಜಾಗ ಬಿಟ್ಟುಕೊಂಡಿತು, ಪಟ್ಟಿ ಚಾಟಿಯಂತೆ ಬೀಸಿತು, ನನ್ನ ಕೈಯಲ್ಲಿದ್ದ ಅಲಗನ್ನು ಕಸಿದು ಒಗೆಯಿತು. ಅದು ಹೋಗಿ ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ನಟ್ಟಿತು. ಕುರ್ಚಿ ಖಾಲಿ ಇತ್ತು. ಅತ್ತೆ ಚಹಾಕ್ಕೆಂದು ಒಳಗೆ ಎದ್ದುಹೋಗಿದ್ದರು.

ಅವರ ಮಾತು ನಿಮಗೆ ಗೊತ್ತಲ್ಲ. "ನಾ ಸತ್ತರ ತಿಥಿ ಊಟಕ್ಕ ಹೋಳಿಗಿ ಮಾಡಬೇಕಾಕ್ಕೈತಿ, ಬ್ಯಾಳಿ ರೇಟ ಕೇಳಿಯೇನವ್ವಾ ಭವಾನಿ?" ಎಂದು ನಕ್ಕರು. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ.

ಅಂದಿನಿಂದ ಸ್ವಿಚ್ಚಿನ ಹತ್ತಿರ ಒಯ್ದ ಕೈಯನ್ನು ಒತ್ತದೆಯೇ ಹಿಂದಕ್ಕೆ ತೆಗೆಯುತ್ತೇನೆ. ಇನ್ನೊಂದು ಹೊಸ ಪಟ್ಟಿಯನ್ನು ಸರಿಯಾದ ದಿಕ್ಕಿಗೇ ಹಾಕಿದ್ದೇನೆ. ಆದರೂ ಬಾಣವನ್ನು ನೋಡುತ್ತೇನೆ, ಬಿಚ್ಚುತ್ತೇನೆ, ಮತ್ತೆ ನೋಡುತ್ತೇನೆ. ನೋಡಿದಷ್ಟೂ ನಂಬಿಕೆ ಕಡಿಮೆಯಾಗುತ್ತಿದೆ. ಭಾನುವಾರ ತೋಟದವರು ಕತ್ತರಿಗೆ ಬರುತ್ತಾರೆ. ಅಷ್ಟರೊಳಗೆ ಯಂತ್ರ ಹಚ್ಚಲೇಬೇಕು.

ಮನೆಗೆ ಬನ್ನಿ ಎಂದು ನಾನು ಬರೆಯುತ್ತಿಲ್ಲ. ಯಂತ್ರದ ಮುಂದೆ ದಪ್ಪ ತಗಡಿನ ಮರೆ ಕಟ್ಟಬೇಕು. ತಗಡು ಬಗ್ಗಿಸುವ ಕೈ ನಿಮ್ಮದು. ಅಷ್ಟು ಮಾಡಿಕೊಟ್ಟು ಹೋಗಿರಿ. ಚಹಾ ಕುಡಿದು ಹೋದರೂ ಅಡ್ಡಿಯಿಲ್ಲ.

ಬಳೆ ಇಟ್ಟ ಕೈಯಿಂದಲೇ ಬರೆದ,
ಭವಾನಿ

ತಾ.ಕ.: ಕುರ್ಚಿ ಖಾಲಿ ಇತ್ತು ಎಂದದ್ದು ಸುಳ್ಳು. ಅತ್ತೆ ಅದರಲ್ಲೇ ಕುಳಿತಿದ್ದರು. ಅಲಗು ತೋಳಿಗೂ ಪಕ್ಕೆಗೂ ನಡುವೆ ಹಾಯ್ದು, ಮೊಳೆ ಹೊಡೆದಂತೆ ಸೆರಗನ್ನು ಕುರ್ಚಿಗೆ ಸಿಕ್ಕಿಸಿತು. ಮೈಗೆ ತಾಗಿಲ್ಲ. ಹೋಳಿಗೆಯ ಮಾತು ಆಡಿದ್ದು ಸೆರಗು ಸಿಕ್ಕಿಕೊಂಡಲ್ಲೇ. ಇವತ್ತು ಅದೇ ತೂತು ಬಿದ್ದ ಕುರ್ಚಿಯನ್ನು ಅದೇ ಜಾಗಕ್ಕೆ ಎಳೆದುಕೊಂಡು ಕುಳಿತಿದ್ದಾರೆ. ಏಳಿರಿ ಎಂದು ಕಾಲು ಹಿಡಿದರೆ, "ನಾ ಇಲ್ಲಿ ಕುಂತರನ ನಿನ್ನ ಕೈ ಹುಷಾರ ಇರತೈತಿ. ಹಚ್ಚ ಮಷೀನ" ಎನ್ನುತ್ತಾರೆ. ಭಾನುವಾರಕ್ಕೆ ಮೊದಲೇ ಬನ್ನಿ.