ಕಾರಿನ ಕೆಳಗೆ ಸಿಕ್ಕ ಸೀರೆಯ ಚೂರು

ಯಾರದು ನನ್ನ ಕಾಗದ ಬಿಚ್ಚಿದ್ದು? ನಾಚಿಕೆಗೆಟ್ಟವರೇ, ಮಡಚಿಡಿ. ಇದು ತೀರಿಹೋದ ನನ್ನ ಗಂಡನಿಗೆ ಬರೆದದ್ದು, ನಿಮಗಲ್ಲ.

ವೈಜಿನಾಥನ ಅಪ್ಪಾ, ನಿಮ್ಮ ಹಳೇ ಕಾರಿನ ಸ್ಟೇರಿಂಗು ಲೂಜಾಗಿತ್ತು. ನಿನ್ನೆ ಮೋರಖಂಡಿ ತಿರುವಿನಲ್ಲಿ ಮಗ ತಿರುಗಿಸಿದರೆ, ಕಾರು ಒಂದಿಷ್ಟು ಯೋಚನೆ ಮಾಡಿ ಆಮೇಲೆ ತಿರುಗಿತಂತೆ. ಇವತ್ತು ನನ್ನನ್ನು ನಿಮ್ಮ ಸೀಟಿನಲ್ಲಿ ಕೂಡಿಸಿ ತಾನು ಕಾರಿನ ಕೆಳಗೆ ಮಲಗಿದ.

"ಅವ್ವಾ, ಸ್ಟೇರಿಂಗ್ ಆ ಕಡಿ ಈ ಕಡಿ ಅಲ್ಲಾಡಸು. ಮೆಲ್ಲಕ! ಮಜ್ಜಿಗಿ ಕಡಿಯಾಕತ್ತೀಯೇನ?"

"ನನಗ ಕಲಸಬ್ಯಾಡ. ಎಲ್ಲಿ ಸಡಲ ಅದ, ಕೈ ಇಟ್ಟು ನೋಡು."

ಗಾಲಿಗೆ ಹೋಗುವ ಸರಳಿನ ಕೀಲು ಸವೆದಿತ್ತು. ಅದರ ಸುತ್ತ ಕೀಲೆಣ್ಣೆ ಮೆತ್ತಿದ ಅರಿವೆ.

"ಅವ್ವಾ, ಇದು ನಿನ್ನ ಹಸರ ಸೀರಿ ಅಲ್ಲೇನ?"

ನನ್ನದೇ. ಎತ್ತಿನ ಗಾಡಿಯ ಅಚ್ಚಿಗೆ ಅರಿವೆ ಸುತ್ತುವ ಹಾಗೆ ನೀವೇ ಸುತ್ತಿದ್ದೀರಿ. ಸದ್ದು ನಿಂತರೆ ರೋಗ ಹೋಯಿತೇ? ಕಾರು ಗಡಗಡ ಅನ್ನುತ್ತದೆ, ಹತ್ತುವುದಿಲ್ಲ ಎಂದು ನಾನು ರಂಪ ಮಾಡಿದ ಮರುದಿನವೇ ಅದು ಸುಮ್ಮನಾಗಿತ್ತು. ಆಮೇಲೆ ಎಷ್ಟು ಸಲ ಹುಮನಾಬಾದಕ್ಕೆ ಹೋದೆವು! ನಾನು ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದೆ. ನೀವು ಎರಡೂ ಕೈಯಲ್ಲಿ ಸ್ಟೇರಿಂಗು ಬಿಗಿಹಿಡಿದು ಮಾತೇ ಆಡುತ್ತಿರಲಿಲ್ಲ.

ಮಗ ಹೊಸ ಕೀಲು ಹಾಕಿದ್ದಾನೆ. ಕಾರು ಈಗ ಹೇಳಿದ ಮಾತು ಕೇಳುತ್ತದೆ. ಆದರೂ ನನ್ನ ಎದೆ ಸುಮ್ಮನಿಲ್ಲ. ಮುಂದಿನ ತಿಂಗಳು ಮೊಮ್ಮಗಳು ಮೀರಾಬಾಯಿಯನ್ನು ಹೆರಿಗೆಗೆ ಅದರಲ್ಲೇ ಹುಮನಾಬಾದಕ್ಕೆ ಒಯ್ಯಬೇಕು. ಕಾರು ಸುಮ್ಮನಾದ ದಿನವೇ ನನ್ನ ಹಸಿರು ಸೀರೆ ಇಡಿಯಾಗಿ ಕಳೆದಿತ್ತು. ಇವತ್ತು ಸಿಕ್ಕದ್ದು ಒಂದು ಗೇಣು. ಉಳಿದದ್ದನ್ನು ಈ ಕಾರಿನಲ್ಲಿ ಎಲ್ಲೆಲ್ಲಿ ಸುತ್ತಿದ್ದೀರಿ? ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.