ಸಿಲೋನಿಗೆ ಹೋಗದವರು

9 ಜೂನ್ 2025, ಸೋಮವಾರ. ಚನ್ನರಾಯಪಟ್ಟಣ

ಬೆಳಿಗ್ಗೆ ಇವರ ಬಿ.ಪಿ. 150/90. ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಹೋಯಿತು. ಊರೂರು ಸುತ್ತಿ ಕಂಡವರ ಮಕ್ಕಳಿಗೆಲ್ಲ ಲಸಿಕೆ ಹಾಕಿ ರಿಟೈರ್ ಆದೆ. ಈಗ ಮನೆಯಲ್ಲೇ ಒಬ್ಬ ಪೇಷೆಂಟ್. ಸುವರ್ಣಮ್ಮ ಸಿಸ್ಟರ್ ಡ್ಯೂಟಿ ಮುಗಿಯುವುದಿಲ್ಲ.

ಮಧ್ಯಾಹ್ನ ಅರಕಲಗೂಡು ಕಡೆಯಿಂದ ರವೀಂದ್ರನ ಫೋನ್. ಪಾಲಾಕ್ಷನ ತಮ್ಮ. ಪಾಲಾಕ್ಷ ಮತ್ತು ಇವರು ಒಂದೇ ದಿನ ಹಾಸನದಲ್ಲಿ ಸಾಲಿನಲ್ಲಿ ನಿಂತು ಮಿಲಿಟರಿ ಸೇರಿದವರು. 88ರಲ್ಲಿ ಸಿಲೋನಿಗೆ ಹೋದ ಶಾಂತಿಪಡೆಯಲ್ಲಿ ಗುಂಡು ಬಿದ್ದು ಪಾಲಾಕ್ಷ ತೀರಿಹೋದ. ಇವರು ಬದುಕಿ ಬಂದರು.

ರವೀಂದ್ರ ಊರ ಬಾಗಿಲಲ್ಲಿ ಅಣ್ಣನ ಹೆಸರಿನ ಬಸ್ ತಂಗುದಾಣ ಕಟ್ಟಿಸುತ್ತಿದ್ದಾನೆ. ಕಲ್ಲಿನಲ್ಲಿ ಇವರ ಹೆಸರೂ ಇರಬೇಕಂತೆ — ‘ಕೊನೆಗಳಿಗೆಯಲ್ಲಿ ಜೊತೆಗಿದ್ದು ಬಾಯಿಗೆ ನೀರು ಬಿಟ್ಟ ಮಿತ್ರ, ಹವಾಲ್ದಾರ್ ದೇವರಾಜು’. ಪಂಚಾಯ್ತಿಯವರು ದಾಖಲೆ ಕೇಳುತ್ತಾರೆ, ಸರ್ವೀಸ್ ರೆಕಾರ್ಡಿನ ಕಾಪಿ ತರಿಸಿ ಅಂದ.

“ನನ್ನೆಸ್ರು ಯಾಕ್ಲಾ? ಬ್ಯಾಡ ಬುಡು” ಎಂದರು ಇವರು. ಅವನು ಬಿಡಲಿಲ್ಲ. ಫೋನ್ ಇಟ್ಟ ಮೇಲೆ ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಊಟ ಅರ್ಧಕ್ಕೇ ಬಿಟ್ಟು ಎದ್ದರು. ಉಪ್ಪಿನಕಾಯಿ ಇಲ್ಲದ ಸಿಟ್ಟಿರಬೇಕು.

27 ಜೂನ್, ಶುಕ್ರವಾರ

ರೆಕಾರ್ಡ್ ಬಂತು. ಎರಡು ಸಲ ಓದಿದೆ. ಕನ್ನಡಕ ಒರೆಸಿ ಮೂರನೇ ಸಲ.

1988 ಪೂರ್ತಿ — ಬೆಂಗಳೂರು, ಡಿಪೋ. ವಿದೇಶ ಸೇವೆ — ಇಲ್ಲ.

ಇವರನ್ನು ಕೇಳಿದರೆ ಮುಖ ಆ ಕಡೆ. ಪೀಡಿಸಿ ಪೀಡಿಸಿ ಬಾಯಿ ಬಿಡಿಸಿದೆ. ಆಗ ಇವರು ಡಿಪೋದಲ್ಲಿ ಡ್ರೈವರ್. ಸಿಲೋನಿಗೆ ಹೊರಟಿದ್ದ ಬೇರೆ ಯೂನಿಟ್ಟಿನ ಡ್ರೈವರಿಗೆ ಜಾಂಡೀಸ್. ರಾತ್ರೋರಾತ್ರಿ ಇವರನ್ನು ತಾತ್ಕಾಲಿಕವಾಗಿ ಅದಕ್ಕೆ ‘ಅಟ್ಯಾಚ್’ ಮಾಡಿ ಕಳಿಸಿದರು. ಪಾಲಾಕ್ಷ ಇದ್ದದ್ದೂ ಅದೇ ಯೂನಿಟ್. ಡಿಪೋದವರು, ಆ ಯೂನಿಟ್ಟಿನವರು ಬರಕೊಳ್ಳುತ್ತಾರೆ ಅಂದುಕೊಂಡರು. ಅವರು, ಡಿಪೋದವರು ಬರೆದಿರುತ್ತಾರೆ ಅಂದುಕೊಂಡರು. ಬಾಣಂತನಕ್ಕೆ ಬಂದ ಮಗಳ ಹೆಸರು ತವರಿನ ರೇಷನ್ ಕಾರ್ಡಿನಲ್ಲೂ ಇಲ್ಲ, ಗಂಡನ ಮನೆಯದರಲ್ಲೂ ಇಲ್ಲ ಅನ್ನುವಂತಾಯಿತು.

“ವಾಪಸ್ ಬಂದ್ಮೇಲೆ ಸರಿ ಮಾಡಿಸ್ಬೇಕು ಅನ್ನಿಸ್ಲಿಲ್ವೇನ್ರೀ?”

“ಅಲ್ಲಿಗ್ ಓಗಿದ್ದೆ ಅಂತ ನೆಪ್ಪಿಸ್ಕಳಕ್ಕೇ ಇಷ್ಟ ಇರ್ಲಿಲ್ಲ ಕಣೆ. ಬರ್ಸದ್ ಬ್ಯಾರೆ ಕೇಡು.”

ಕಾಪಿಯನ್ನು ರವೀಂದ್ರನಿಗೆ ಕಳಿಸಲೋ ಬೇಡವೋ... ಕಳಿಸಿದೆ. ಕಾಗದ ತಪ್ಪು, ಮನುಷ್ಯ ಸರಿ ಅಂತ ಅವನಿಗೆ ಗೊತ್ತಲ್ಲ.

4 ಜುಲೈ, ಶುಕ್ರವಾರ

ಗೊತ್ತಿರಲಿಲ್ಲ.

ರವೀಂದ್ರ ಬೈಕಿನಲ್ಲಿ ಬಂದ. ಚಪ್ಪಲಿ ಬಿಟ್ಟ, ಒಳಗೆ ಬರಲಿಲ್ಲ. ಕಾಫಿ ಬೇಡ ಅಂದ. ಈ ಮನೆಯಲ್ಲಿ ಕಾಫಿ ಬೇಡ ಅಂದದ್ದು ಇದೇ ಮೊದಲು.

“ಅಣ್ಣ, ಒಂದೇ ಮಾತ್ ಯೋಳಿ. ನೀವಲ್ಲಿ ಇದ್ರಾ, ಇರ್ನಿಲ್ವಾ?”

“ಇದ್ದೆ ಕಣ್ಲಾ.”

“ಪೇಪರ್ನಾಗೆ ಬೆಂಗ್ಳೂರು ಅಂತೈತೆ. ಪಂಚಾಯ್ತೀಲಿ ನಾಕ್ ಜನ ನಗ್ತಾವ್ರೆ. ದೇವ್ರಾಜಣ್ಣ ಬೆಂಗ್ಳೂರಲ್ ಕುಂತ್ಕಂಡು ನಿಮ್ಮವ್ವಂಗೆ ಕತೆ ಕಟ್ಟವ್ನೆ ಅಂತ.”

ಇವರು ಮೆಟ್ಟಿಲ ಮೇಲೆ ಕೂತರು. ನಾನು ಮಧ್ಯೆ ಬಾಯಿ ಹಾಕಿದೆ, ಅಟ್ಯಾಚ್‌ಮೆಂಟು, ಜಾಂಡೀಸು ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ನನಗೇ ಕತೆಯ ಹಾಗೆ ಕೇಳಿಸಿತು.

“ಅವ್ವಂಗಿನ್ನೂ ಯೋಳಿಲ್ಲ ಅತ್ತಿಗೆ. ಪೇಪರ್ ಸರಿ ಆದ್ರೆ ಕಾಲ್ ಇಡ್ಕಂಡು ಕರ್ಕೊಂಡೋಯ್ತೀನಿ. ಆಗ್ನಿಲ್ಲ ಅಂದ್ರೆ ಈ ಸಲ ಪಕ್ಷಕ್ ಬರ್ಬ್ಯಾಡಿ.”

ಅದೇ ಪೆಟ್ಟು. ಇವರಿಗೆ ಮೆಡಲ್ ಬೇಡ, ಕಲ್ಲೂ ಬೇಡ. ಆದರೆ ಪಕ್ಷ... ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಆ ಮನೆಯಲ್ಲಿ ಪಾಲಾಕ್ಷನಿಗೆ ಎಡೆ ಇಡುತ್ತಾರೆ. ಎಡೆಗೆ ನೀರು ಬಿಡುವುದು ತಮ್ಮನಲ್ಲ, ಇವರು. “ನನ್ ಮಗನ್ ಬಾಯಿಗೆ ಕಡೇ ನೀರ್ ಬುಟ್ಟ ಕೈ, ಆ ಕೈಯೇ ಬುಡ್ಲಿ” ಅಂತ ನಿಂಗಮ್ಮ, ಅವನ ತಾಯಿ, ಆವತ್ತೇ ಕಟ್ಟುಮಾಡಿದ್ದು. ನಮ್ಮ ಅತ್ತೆ ತೀರಿಕೊಂಡ ಮೇಲೆ ಇವರು ಅವ್ವ ಅಂತ ಕರೆಯುವುದು ಅವರೊಬ್ಬರನ್ನೇ.

ಸಂಜೆವರೆಗೂ ಇವರು ಮೆಟ್ಟಿಲು ಬಿಟ್ಟು ಏಳಲಿಲ್ಲ. ನಾನೂ ಬೈಯಲಿಲ್ಲ. ಮನೆ ಬಿಕೋ ಅನ್ನುತ್ತಿದೆ.

22 ಜುಲೈ, ಮಂಗಳವಾರ

ಹಾಸನ. ರೆಕಾರ್ಡ್ ತಿದ್ದಿಸಲು ಸೈನಿಕ ಕಚೇರಿಗೆ ಇದು ಎರಡನೇ ಸಲವೋ ಮೂರನೆಯದೋ. ಅಲ್ಲಿ ಕೂರುವ ಷಡಕ್ಷರಿ ತಾನೂ ಮಾಜಿ ಸೈನಿಕ. ಒಳ್ಳೆಯವನು. ಒಳ್ಳೆಯವರ ಕೈಯಲ್ಲೇ ಅಧಿಕಾರ ಇರುವುದಿಲ್ಲ ನೋಡು, ಇಲ್ಲಿಂದ ಅರ್ಜಿ ಮುಂದಕ್ಕೆ ಹೋಗುತ್ತದೆ ಅಷ್ಟೆ, ತೀರ್ಮಾನ ಮೇಲಿನವರದು.

“ಏನಾದ್ರೂ ಪುರಾವೆ ಐತಾ ಸಾ? ಮೂವ್‌ಮೆಂಟ್ ಆರ್ಡ್ರು? ಫೋಟೊ? ಅಲ್ಲಿಂದ ತಂದಿದ್ದು?”

“ಸೋಪ್ ತಂದಿದ್ದೆ.”

“ಐತಾ?”

“ತೀರೋಯ್ತು. ಎಂಬತ್ತೆಂಟ್ರಲ್ಲೇ.”

ನಗು ಬಂತು. ಷಡಕ್ಷರಿಯೂ ನಕ್ಕ. ಇವರು ಮಾತ್ರ ನಗಲಿಲ್ಲ. ಕೊನೆಗೆ ಅವನು ಹೇಳಿದ್ದು — ಅಲ್ಲಿ ಜೊತೆಗಿದ್ದವರು, ರೆಕಾರ್ಡಿನಲ್ಲಿ ಸಿಲೋನ್ ಅಂತ ಇರುವವರು ಒಬ್ಬರು ಅಫಿಡವಿಟ್ ಕೊಟ್ಟರೆ ದಾರಿ ಇದೆ. ಸುಮ್ಮನೆ ‘ಇದ್ದರು’ ಅಂದರೆ ಸಾಲದು, ಏನು ಮಾಡುವಾಗ ಕಂಡರು, ವಿವರ ಬೇಕು. ಮಾಜಿ ಸೈನಿಕರ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತೇನೆ ಅಂದ.

ಬಸ್ಸಿನಲ್ಲಿ ಸೀಟಿಲ್ಲ. ಕಂಬ ಹಿಡಿದು ನಿಂತು ಮನೆಗೆ. ಮಂಡಿ ನೋವು. ಈ ಗಂಡಸು ಆವತ್ತೇ ಒಂದು ರುಜು ಹಾಕಿಸಿದ್ದರೆ!

6 ಆಗಸ್ಟ್, ಬುಧವಾರ

ಸಿಕ್ಕಿದರು! ಹೊಳೆನರಸೀಪುರದಲ್ಲೇ ಇದ್ದಾರೆ, ಯೋಗಾನರಸಿಂಹ ಅಂತ. ಆಗ ಮಿಲಿಟರಿಯಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಕೋಟೆ ಹತ್ತಿರ ಮನೆ, ಬಾಗಿಲಲ್ಲಿ ರಂಗೋಲಿ, ಒಳಗೆ ಹೆಂಡತಿ ಹಂಸ ಅವರ ಕಾಫಿ. ಒಂದು ಕ್ಷಣ ಎಲ್ಲ ಸಲೀಸಾಗಿ ಹೋಯಿತು ಅಂತ ಮನಸ್ಸು ಹಗುರವಾಗಿತ್ತು.

ಇವರನ್ನು ನೋಡಿದ್ದೇ ತಡ, ಆ ಮುದುಕ ಎದ್ದು ನಿಂತರು.

“ಡ್ರೈವರ್ ದೇವರಾಜು! ಮರೀತೀನೇನಪ್ಪಾ ನಿನ್ನ? ನಿನ್ ಕೈಯಿಂದ ನೀರಿನ ಬಾಟ್ಲಿ ಕಿತ್ಕೊಂಡೋನು ನಾನೇ ಅಲ್ವೇ? ಹೊಟ್ಟೆಗೆ ಗುಂಡು ಬಿದ್ದೋನಿಗೆ ನೀರ್ ಕೊಡಬಾರದಯ್ಯಾ, ಹೆಲಿಕಾಪ್ಟರ್ ಬರ್ಲಿ, ತಡ್ಕೋ ಅಂತ. ಪಾಪ, ನಿನ್ ಸ್ನೇಹಿತ ಪಾಲಾಕ್ಷ ನೀರು ನೀರು ಅಂತ... ಹೆಲಿಕಾಪ್ಟರ್ ಬರಲೇ ಇಲ್ಲ ನೋಡಿ ತಾಯಿ.”

ಕೊನೆಯದನ್ನು ನನ್ನ ಕಡೆ ತಿರುಗಿ ಹೇಳಿದರು. ನನಗೆ ಎಲ್ಲ ಗೊತ್ತಿದೆ ಅಂದುಕೊಂಡು.

ಇವರು ನೆಲ ನೋಡುತ್ತಿದ್ದರು. ಕಾಫಿ ಲೋಟ ಕೈಯಲ್ಲೇ ಆರಿತು.

ಅಫಿಡವಿಟ್ ನೋಟರಿ ಹತ್ತಿರ ಸಂಜೆಯೊಳಗೆ ಆಯಿತು. ನೀರಿನ ವಿಷಯವೂ ಇದೆ. ಅದೇ ಮುಖ್ಯ ಸಾಕ್ಷಿ, ಅದು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ ಅಂದರು ಯೋಗಾನರಸಿಂಹ. ಊರು ಮುಟ್ಟುವವರೆಗೆ ಇವರ ಕಣ್ಣು ಬಸ್ಸಿನ ಕಿಟಕಿ ಆಚೆ. ನನ್ನದು ಈಚೆ.

7 ಆಗಸ್ಟ್, ಗುರುವಾರ

ಬೆಳಿಗ್ಗೆ ತಾವಾಗಿಯೇ ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತರು.

“ಕೇಳ್ತಾನೇ ಇದ್ದ ಕಣೆ. ನಾನ್ ಕೊಡ್ನಿಲ್ಲ.”

“ಕೊಟ್ಟಿದ್ರೆ ಇನ್ನೂ ಬೇಗ ಹೋಗ್ತಿದ್ದ್ರು ರೀ. ಟ್ರೈನಿಂಗಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರೆ. ನೀವು ಮಾಡಿದ್ದು ಸರಿ.”

“ಎಂಗೂ ಓದ್ನಲ್ಲ. ಬಾಯಾರ್ಕಂಡ್ ಓದ. ಸರಿ ಅಂತ ನಿಂಗ್ ಗೊತ್ತು, ಆ ನರ್ಸೀಪುರದ ಐನೋರ್ಗೆ ಗೊತ್ತು. ಅವ್ವಂಗೆ ಎಂಗ್ ಯೋಳ್ಲಿ? ರಜಾದಲ್ ಬಂದು ಅವ್ರ ಒಲೆ ಮುಂದೆ ಕುಂತಿದ್ದೆ. ‘ನೀರಾದ್ರೂ ಕುಡ್ದ್ನೇನಪ್ಪಾ?’ ಅಂತು ಮುದ್ಕಿ. ಊಂ ಅಂದ್ಬುಟ್ಟೆ.”

ಊಂ ಅಂದುಬಿಟ್ಟರು. ಅದೊಂದು ಊಂ ಮೇಲೆ ಇಷ್ಟು ವರ್ಷದ ಎಡೆ ನಿಂತಿದೆ. ನನಗೆ ಗಂಡನ ಮೇಲೆ ಸಿಟ್ಟು ಬರಬೇಕಿತ್ತು. ಅಯ್ಯೋ ಅನಿಸಿತು, ಅಷ್ಟೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೂ ಹೇಳಲಿಲ್ಲವಲ್ಲ.

“ಅಫಿಡವಿಟ್ ಕೊಡ್ಬ್ಯಾಡ. ಸುಳ್ಗಾರ ಅಂತ್ಲೇ ಇರ್ಲಿ. ನಾನ್ ಅಲ್ಲಿರ್ನಿಲ್ಲ ಅಂದ್ರೂ ಅವ್ವ ತನ್ ಮಗ ನೀರ್ ಕುಡ್ಕಂಡೇ ಓದ ಅಂದ್ಕಂತಾಳೆ. ಬ್ಯಾರೆ ಯಾರೋ ಕೊಟ್ಟಿರ್ತಾರೆ ಅಂತ.”

8 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಪೂಜೆ ಕಾಟಾಚಾರಕ್ಕೆ. ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಟ್ಟೆ. ಅಫಿಡವಿಟ್ ಬೀರುವಿನಲ್ಲಿ, ಸೀರೆಗಳ ಕೆಳಗೆ.

18 ಆಗಸ್ಟ್, ಸೋಮವಾರ

ಕೊಟ್ಟುಬಿಟ್ಟೆ.

ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತೇನೆ ಅಂತ ಇವರಿಗೆ ಹೇಳಿ ಒಬ್ಬಳೇ ಹಾಸನಕ್ಕೆ ಹೋದೆ. ಷಡಕ್ಷರಿ ಅಫಿಡವಿಟ್ ಓದಿದ. “ಇದು ನಡೀತೈತಮ್ಮ” ಅಂದ. ಸೀಲು ಹೊಡೆದು ಸ್ವೀಕೃತಿ ಕೊಟ್ಟ.

ಮೋಸವೇ. ಇರಲಿ. ಊರವರು ಸುಳ್ಳುಗಾರ ಅನ್ನುವುದನ್ನು ಇವರು ತಡೆದುಕೊಂಡಾರು, ನಾನು ತಡೆದುಕೊಳ್ಳಲಾರೆ. ಕತೆ ಕಟ್ಟುವವನ ಹೆಂಡತಿ ಅಂತ ನನಗೇಕೆ ಹಣೆಪಟ್ಟಿ? ಬಸ್ ಸ್ಟ್ಯಾಂಡಿನಲ್ಲಿ ಕೂತು ಅಫಿಡವಿಟ್ ಫೋಟೊ ತೆಗೆದು ರವೀಂದ್ರನಿಗೂ ಕಳಿಸಿದೆ. ಡಿಲೀಟ್ ಮಾಡೋಣ ಅನ್ನುವಷ್ಟರಲ್ಲಿ ಅವನು ನೋಡಿದ್ದಾನೆ ಅನ್ನುವ ಎರಡು ನೀಲಿ ಗೆರೆ ಬಂದಿತ್ತು.

ಸಂಜೆ ಇವರು ಕೇಳಿದರು, “ಡಾಕ್ಟ್ರು ಅಲ್ಲು ಕಿತ್ತ್ರಾ?” ಇಲ್ಲ ಅಂದೆ.

3 ಸೆಪ್ಟೆಂಬರ್, ಬುಧವಾರ

ಎರಡು ವಾರದ ಮೇಲೆ ರವೀಂದ್ರನ ಫೋನ್. ಅಳುತ್ತಿದ್ದ. ಆ ವಯಸ್ಸಿನ ಗಂಡಸು ಅತ್ತರೆ ಏನು ಹೇಳಬೇಕೋ ತಿಳಿಯುವುದಿಲ್ಲ.

“ತಪ್ಪಾಯ್ತು ಅತ್ತಿಗೆ. ಅಣ್ಣನ್ನ ಪಕ್ಷಕ್ ಕರ್ಕೊಂಡ್ ಬನ್ನಿ. ಅವ್ವಂಗೆ ಮಾತ್ರ ಏನೂ ಗೊತ್ತಾಗದ್ ಬ್ಯಾಡ. ನೀರ್ ಕುಡ್ದ ಅಂತ್ಲೇ ಇರ್ಲಿ.”

ಸರಿ ಅಂದೆ. ಈಗ ಸುಳ್ಳಿಗೆ ನಾವು ಮೂರು ಜನ ವಾರಸುದಾರರು. ಹಾಸನಕ್ಕೂ ಫೋನ್ ಮಾಡಿದೆ. ಅರ್ಜಿ ‘ಪರಿಶೀಲನೆಯಲ್ಲಿದೆ’.

14 ಸೆಪ್ಟೆಂಬರ್, ಭಾನುವಾರ

ಹೇಳಿದೆ. ಎಲ್ಲ. ಹಲ್ಲು, ಹಾಸನ, ಫೋಟೊ.

ಬೈಯುತ್ತಾರೆ ಅಂತ ಸಿದ್ಧವಾಗಿದ್ದೆ. ಬೈಸಿಕೊಂಡು ಅಭ್ಯಾಸ ಇದೆ. ಬೈಯಲಿಲ್ಲ. “ರವೀಂದ್ರ ಅದ್ನ ಓದ್ಬುಟ್ನಾ?” ಅಂತ ಒಂದೇ ಮಾತು. ಊಂ ಅಂದೆ. ಟವಲ್ ಹೆಗಲ ಮೇಲೆ ಹಾಕಿಕೊಂಡು ಹೊರಗೆ ಹೋದವರು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಬಂದ ಮೇಲೆ ಬಿ.ಪಿ. ನೋಡಲಿಲ್ಲ. ನೋಡಿ ಏನು ಮಾಡಲಿ. ನನಗೂ ಸಾಕಾಗಿದೆ.

21 ಸೆಪ್ಟೆಂಬರ್, ಭಾನುವಾರ. ಅಮಾವಾಸ್ಯೆ

ರವೀಂದ್ರನ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಆಗುವುದಿಲ್ಲ.

ಮಧ್ಯಾಹ್ನ ಎಡೆ ಇಟ್ಟರು. ಕೋಳಿ ಸಾರು, ಒತ್ತು ಶಾವಿಗೆ, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಅವ್ವನಿಗೆ ಈಗ ಎದ್ದು ನಿಲ್ಲಲು ಗೋಡೆ ಬೇಕು. ಆದರೂ ಚೊಂಬನ್ನು ತಾವೇ ತುಂಬಿ ಇವರ ಕೈಗೆ ಕೊಟ್ಟರು.

“ಬುಡಪ್ಪ. ಕಾಯ್ತಾವ್ನೆ.”

ಇವರು ಬಿಡಲಿಲ್ಲ. ರವೀಂದ್ರ ಕಣ್ಣಲ್ಲೇ ಸನ್ನೆ ಮಾಡಿದ. ನಾನು ಮೊಣಕೈಯಲ್ಲಿ ತಿವಿದೆ.

“ಅವ್ವಾ, ಆವತ್ತು ನಾನ್ ಅವ್ನಿಗೆ ನೀರ್ ಕೊಡ್ನಿಲ್ಲ ಕಣವ್ವ. ಕೇಳ್ದ. ಕೊಡ್ನಿಲ್ಲ.”

ಒಳಗೆ ಒಗ್ಗರಣೆ ಸದ್ದು ಕೂಡ ನಿಂತಿತು. ರವೀಂದ್ರನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

“ಕೊಟ್ಟೆ ಅಂದ್ಯಲ್ಲೋ. ಈ ಒಲೆ ಮುಂದ್ಲೇ ಕುಂತ್ಕಂಡು ಊಂ ಅಂದ್ಯಲ್ಲೋ ದೇವ್ರಾಜ. ನನ್ ಮಗ ತಣ್ಗೆ ಓದ ಅಂತ ಇಷ್ಟ್ ವರ್ಸ ಒಂದ್ ತುತ್ತು ಗಂಟ್ಲಲ್ ಇಳೀತಿತ್ತು ನಂಗೆ!”

“ಹೊಟ್ಟೆಗೆ ಏಟು ಬಿದ್ದಿತ್ತವ್ವ, ಕೊಟ್ಟಿದ್ರೆ ಇನ್ನೂ...” ಎಂದೆ.

“ನೀ ಸುಮ್ಕಿರವ್ವ.”

ಅವ್ವ ಗೋಡೆಗೆ ಒರಗಿ ಕೂತರು. ಎಲೆಯ ಮೇಲೆ ನೊಣ ಬಂತು, ಯಾರೂ ಓಡಿಸಲಿಲ್ಲ. ಆಮೇಲೆ ಕೇಳಿದರು.

“ಎಷ್ಟ್ ಸಲ ಕೇಳ್ದ?”

“ಲೆಕ್ಕ ಇಲ್ಲ ಕಣವ್ವ. ಮದ್ಯಾನ್ದಿಂದ ಒತ್ತು ಮುಳ್ಗೋಗಂಟ.”

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಎಲೆಯನ್ನು ಇವರ ಹತ್ತಿರಕ್ಕೆ ಸರಿಸಿದರು.

“ಅಂಗಾರೆ ಅಷ್ಟ್ ಸಲನೂ ಬುಡು.”

ಇವರು ಶುರು ಮಾಡಿದರು. ಒಂದು ಸಲ ಬಿಡುವುದು, ತಡೆಯುವುದು, ಮತ್ತೆ ಬಿಡುವುದು. ನೀರು ಎಲೆ ದಾಟಿ ನೆಲಕ್ಕೆ ಬಂತು. ಹೊಸ ಪಂಚೆ ನೆನೆಯಿತು. ಚೊಂಬು ಖಾಲಿಯಾಯಿತು. ರವೀಂದ್ರ ಎದ್ದು ಹೋಗಿ ತುಂಬಿ ತಂದ. ಅದೂ ಖಾಲಿಯಾಯಿತು. ಚೊಂಬು ಹಿಡಿದ ಇವರ ಕೈ ಸೋತು ಕೆಳಗಿಳಿಯುತ್ತಿತ್ತು, ಸಾಕು ಅನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ತಮ್ಮ ಕೈಯನ್ನು ಇವರ ಕೈಯಡಿಗೆ ಕೊಟ್ಟು ಹಿಡಿದುಕೊಂಡು, “ಇನ್ನೂ” ಎಂದರು. ರವೀಂದ್ರ ಮತ್ತೆ ಚೊಂಬು ತುಂಬಲು ಎದ್ದ.